ಮಿಲ್ಟ್ರಿ ಕ್ಯಾಂಪಿನ ಅಡುಗೆ

ಚಿಕ್ಕಬೀರಮ್ಮನ ವಿಷಯ ಬರೆಯಬೇಕೆಂದು ನನಗೇನೂ ಆಸೆ ಇರಲಿಲ್ಲ. ಅವಳ ಬಗ್ಗೆ ಮಾತಾಡುವವರು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಒಂದೇ ಮಾತಿಗೆ: ಓದು ಬರಹ ಇಲ್ಲದ ಜನ, ದುಡ್ಡಿನಾಸೆಗೆ ಮಗನನ್ನು ಯುದ್ಧಕ್ಕೆ ಕಳಿಸಿದರು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಬೀರಮ್ಮ ಮಗನನ್ನು ಯುದ್ಧಕ್ಕೆ ಕಳಿಸಲಿಲ್ಲ, ಅಡುಗೆ ಮಾಡುವುದಕ್ಕೆ ಕಳಿಸಿದಳು. ಅದನ್ನು ಯಾರಾದರೂ ಒಬ್ಬರು ಸರಿಯಾಗಿ ಹೇಳಬೇಕಲ್ಲ, ಅದಕ್ಕೆ ನಾನೇ ಹೇಳುತ್ತಿದ್ದೇನೆ.

ನನ್ನ ಹೆಸರು ಚನ್ನಬಸವಣ್ಣ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕೊಪ್ಪದಿಂದ ಸ್ವಲ್ಪ ಒಳಗಿರುವ ಹಳ್ಳಿ ನಮ್ಮದು. ಅಲ್ಲಿ ನನ್ನದೊಂದು ಹಿಟ್ಟಿನ ಮಿಲ್ಲಿದೆ. ಬೀರಮ್ಮನ ಮನೆ ಮಿಲ್ಲಿನ ಹಿಂದೆಯೇ. ನನಗಿಂತ ವಯಸ್ಸಿನಲ್ಲಿ ದೊಡ್ಡವಳು, ಹಾಗಾಗಿ ಬೀರಕ್ಕ ಎಂದೇ ನಾನು ಕರೆಯುವುದು. ರಾಗಿ ತಂದರೆ ಬೀಸುವವರೆಗೆ ತೆಪ್ಪಗೆ ಕೂರುವ ಹೆಂಗಸಲ್ಲ ಅದು. "ಇಟ್ಟು ತರಿತರಿ ಬತ್ತಾ ಅದೆ ಕಣ ಬಸಣ್ಣ. ಕಲ್ಲು ಕುಟ್ಟುಸೋದ ಬುಟ್ಟು ಕಾಸು ಮಾತ್ರ ಸರ್ಯಾಗಿ ಈಸ್ಕತ್ತೀಯ" ಎಂದು ನಾಲ್ಕು ಜನರ ಮುಂದೆ ನನ್ನ ಮಾನ ತೆಗೆಯುತ್ತಿದ್ದಳು. ನಾನೂ ಸುಮ್ಮನಿರುತ್ತಿರಲಿಲ್ಲ, "ನಿನ್ನ ನಾಲಿಗೇನೇ ಕಲ್ಲಿಗೆ ಹಾಕಿದ್ರೆ ಇನ್ನೂ ನುಣ್ಣಗೆ ಬೀಸ್ತದೆ ಬುಡಕ್ಕ" ಅನ್ನುತ್ತಿದ್ದೆ. ಹಾಗಿತ್ತು ನಮ್ಮ ಸ್ನೇಹ.

ಅವಳ ತವರು ಎಚ್.ಡಿ. ಕೋಟೆ ಕಡೆ, ಎನ್. ಬೇಗೂರಿನ ಹತ್ತಿರದ ಒಂದು ಕುರಿಯವರ ಮನೆ. ನಮ್ಮೂರಿನ ಸಣ್ಣಬೀರಯ್ಯನಿಗೆ ಕೊಟ್ಟಿದ್ದರು. ಕುರಿ ಮಂದೆ ಸಣ್ಣಬೀರಯ್ಯನ ಅಪ್ಪನ ಕಾಲಕ್ಕೇ ಕರಗಿತ್ತು, ಉಳಿದಿದ್ದು ರಾಗಿ ಬೆಳೆಯುವ ತುಂಡು ಹೊಲ. ಒಂದು ವರ್ಷ ಬೆಳೆ ಕಾಯಲು ಹೋದ ಸಣ್ಣಬೀರಯ್ಯ ಆನೆಯ ಕಾಲಿಗೆ ಸಿಕ್ಕಿ ಸತ್ತ. ಆಗ ಮಗ ವಸಂತ್ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಬೀರಮ್ಮ ಅತ್ತು ಮುಗಿಸಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಕ್ಯಾಂಪಿಗೆ ಕೂಲಿಗೆ ಹೊರಟಳು.

ನಮ್ಮ ಕಡೆ ಕ್ಯಾಂಪು ಎಂದರೆ ಬೈಲುಕುಪ್ಪೆಯ ಟಿಬೆಟಿನವರ ಊರುಗಳು. ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಎಂದು ನಂಬರಿನಲ್ಲೇ ಕರೆಯುತ್ತೇವೆ. ಬಂದೂಕಿಗೆ ಹೆದರಿ ತಮ್ಮ ದೇಶ ಬಿಟ್ಟು ಬಂದ ಜನ ಅವರು. ಕಾಡು ಸವರಿ ಮುಸುಕಿನ ಜೋಳ ಬೆಳೆದರು, ಗುಡಿ ಕಟ್ಟಿದರು, ನಮ್ಮ ಊರುಗಳಿಗೆಲ್ಲ ಕೂಲಿ ಕೊಟ್ಟರು. ಬೀರಮ್ಮ ಕಳೆ ಕೀಳುವಾಗ ಅಲ್ಲಿನ ಮುದುಕಿಯರು ಮಣಿಸರ ಎಣಿಸುತ್ತಲೇ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತೂಗುತ್ತಿದ್ದರು. ಉಪ್ಪು ಬೆಣ್ಣೆ ಹಾಕಿದ ಟೀ ಕೊಟ್ಟರೆ ಇವಳು ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದಳು. ಒಂದು ಸಲ ಹುಡುಗನಿಗೆ ಜ್ವರ ನೆತ್ತಿಗೇರಿ ಮೈ ಸೆಟೆದುಕೊಂಡಾಗ ಅವರೇ ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಅಂದಿನಿಂದ ಅವಳ ಪಾಲಿಗೆ ಕ್ಯಾಂಪು ಎಂಬ ಶಬ್ದವೇ ತವರಿನ ಹಾಗೆ ಆಗಿಹೋಯಿತು.

ವಸಂತ್ ಬೆಳೆದು ಅಲ್ಲೇ ಲಾಮಗಳ ಮಠದ ಅಡುಗೆಮನೆ ಸೇರಿದ. ಸಾವಿರಾರು ಸನ್ಯಾಸಿಗಳಿಗೆ ಅಡುಗೆ, ಮನುಷ್ಯ ಇಳಿದು ತೊಳೆಯುವಷ್ಟು ದೊಡ್ಡ ಪಾತ್ರೆಗಳು. ಕೆಲಸ ಚೆನ್ನಾಗಿ ಕಲಿತ. ಆದರೆ ಮಠದ ಅಡುಗೆ ಎಂದರೆ ಸೊಪ್ಪು, ಬೇಳೆ, ಹಬೆಯಲ್ಲಿ ಬೇಯಿಸಿದ ಬನ್ನು. ನಮ್ಮ ಹುಡುಗನಿಗೋ ಕೈ ಕಡಿಯುತ್ತಿದ್ದುದು ಮಾಂಸದ ಅಡುಗೆಗೆ. ಊರಲ್ಲಿ ಯಾರ ಮನೆಯ ಬಾಡೂಟವಾದರೂ ಒಲೆಯ ಮುಂದೆ ವಸಂತನೇ. ಮೈಸೂರು ಮಡಿಕೇರಿ ರಸ್ತೆಯಲ್ಲಿ ಒಂದು ಮಿಲ್ಟ್ರಿ ಹೋಟೆಲ್ ಹಾಕಬೇಕು, ಕ್ಯಾಂಪಿನ ಗುಡಿಯ ಚಿನ್ನದ ಬುದ್ಧನನ್ನು ನೋಡಲು ಬರುವ ಪ್ರವಾಸಿಗಳೆಲ್ಲ ತನ್ನ ಬೋಟಿ ಗೊಜ್ಜು ತಿಂದೇ ಹೋಗಬೇಕು ಎನ್ನುವುದು ಅವನ ಕನಸು. ಮದುವೆಯಾಗಿ ಬಂದ ಸಾಲಿಗ್ರಾಮದ ಹುಡುಗಿ ಹರ್ಷಿತಾಳಿಗೂ ಆ ಹೋಟೆಲಿನ ಕಥೆ ಹೇಳಿ ಹೇಳಿ ಅವಳೂ ಬೋರ್ಡಿಗೆ ಬಣ್ಣ ಯಾವುದು ಎಂದು ಯೋಚಿಸುತ್ತಿದ್ದಳು.

ಏಜೆಂಟ್ ಬಂದದ್ದು ಆ ಹೊತ್ತಿನಲ್ಲಿ. ಎಲ್ಲಿಯವನೋ, ಹೊಳೆಯಾಚೆ ಕುಶಾಲನಗರದಲ್ಲಿ ಒಂದು ರೂಮು ಮಾಡಿಕೊಂಡಿದ್ದ. ನನ್ನ ಮಿಲ್ಲಿನ ಜಗಲಿಯ ಮೇಲೆ ಕೂತೇ ಮಾತಾಡಿದ, ನಾನು ಕಣ್ಣಾರೆ ನೋಡಿದ್ದೇನೆ.

"ಮಿಲ್ಟ್ರಿ ಅಡುಗೆ ಬರುತ್ತೇನಪ್ಪ ನಿಂಗೆ?" ಎಂದು ಕೇಳಿದ. "ರಷ್ಯಾದಲ್ಲಿ ಮಿಲ್ಟ್ರಿ ಕ್ಯಾಂಪಲ್ಲಿ ಅಡುಗೆ ಕೆಲಸಕ್ಕೆ ಜನ ಬೇಕು. ಊಟ, ರೂಮು ಎಲ್ಲ ಕ್ಯಾಂಪಿನೋರದ್ದೇ."

ನಮ್ಮ ಮೈಸೂರು ಸೀಮೆಯಲ್ಲಿ ಮಿಲ್ಟ್ರಿ ಎಂದರೆ ಮೊದಲು ನೆನಪಾಗುವುದು ಬಂದೂಕಲ್ಲ, ಬಾಡು. ಮಿಲ್ಟ್ರಿ ಹೋಟೆಲ್ ಎಂದರೆ ಮಾಂಸದೂಟದ ಹೋಟೆಲ್. ಇನ್ನು ಕ್ಯಾಂಪು ಎಂದರೇನು ಎಂದು ಹೇಳಿಯಾಯಿತು. ಮಿಲ್ಟ್ರಿ ಅಡುಗೆ ಮಾಡುವ ಕ್ಯಾಂಪು! ವಸಂತನ ಮುಖ ಅರಳಿತು. ಹುಟ್ಟಿದಾಗಿನಿಂದ ಅವನು ಬೇಡಿಕೊಂಡದ್ದನ್ನೇ ಯಾರೋ ರಷ್ಯಾದಲ್ಲಿ ಕಟ್ಟಿಸಿಟ್ಟ ಹಾಗಿತ್ತು.

"ತಲೆಮಾಂಸ, ಬೋಟಿ, ಕಾಲ್ ಸೂಪು, ಯಾವ್ದು ಬೇಕು ಸಾ ನಿಮ್ಗೆ?" ಅಂದ.

ಏಜೆಂಟ್ ನಕ್ಕ. ಆ ನಗುವನ್ನು ನೆನೆದರೆ ಇವತ್ತಿಗೂ ಕೈ ಕಟ್ಟಿಹಾಕಿಕೊಳ್ಳಬೇಕು ಅನಿಸುತ್ತದೆ. ಅವನಿಗೆ ಅರ್ಥವಾಗಿತ್ತು. ಸುಳ್ಳು ಹೇಳಿದವನನ್ನು ಹೇಗಾದರೂ ಹಿಡಿಯಬಹುದು. ನಿಜವನ್ನೇ ಹೇಳಿ, ನಾವು ಅದನ್ನು ತಪ್ಪು ತಿಳಿಯುವುದನ್ನು ನೋಡಿ ಸುಮ್ಮನೆ ನಕ್ಕವನನ್ನು ಯಾವ ಪೊಲೀಸ್ ಹಿಡಿಯುತ್ತಾನೆ?

ಹರ್ಷಿತಾ ಪಿ.ಯು.ಸಿ. ಓದಿದ್ದವಳು, ಅವಳೊಬ್ಬಳು ಕೇಳಿದಳು. "ಅಲ್ಲಿ ಯುದ್ಧ ನಡೀತಾ ಇದೆ ಅಂತ ಟಿವಿಲಿ ತೋರಿಸ್ತಾರಲ್ಲಣ್ಣ?"

"ಯುದ್ಧ ನಡೀತಿರೋದು ಬಾರ್ಡರಲ್ಲಿ ಕಣಮ್ಮ. ಕಾಶ್ಮೀರದಲ್ಲಿ ಗುಂಡು ಹಾರಿದ್ರೆ ನಿಮ್ಮ ಕೊಪ್ಪದಲ್ಲಿ ಹೋಟೆಲ್ ಮುಚ್ತಾರಾ?"

ಜಗಲಿಯ ಮೇಲಿದ್ದ ನಾವೆಲ್ಲ ಅದೂ ಸರಿಯೇ ಎಂದು ತಲೆದೂಗಿದೆವು. ಬೀರಮ್ಮ ಸೊಸೆಯ ಕಡೆ ತಿರುಗಿ, "ಕ್ಯಾಂಪ್ ಕೆಲ್ಸ ಅಂದ್ರೆ ಯಾಕವ್ವ ಅಷ್ಟ್ ಬಯ? ನಿನ್ ಗಂಡನ್ನ ಬೆಳ್ಸಿದ್ದೇ ಕ್ಯಾಂಪು" ಅಂದಳು. ಕೊಟ್ಟ ಕಾಗದಕ್ಕೆ ವಸಂತ್ ಸಹಿ ಹಾಕಿದ. ಅದು ಯಾವ ಲಿಪಿಯೋ, ಹರ್ಷಿತಾಳಿಗೂ ಓದಲು ಬರಲಿಲ್ಲ.

ಹೊರಡುವ ಮುಂಚೆ ಮಠದ ಅಡುಗೆಮನೆಯ ಹಳೆಯ ಲಾಮ ಅವನ ಕೊರಳಿಗೆ ಬಿಳಿ ವಸ್ತ್ರ ಹಾಕಿ, ನಮ್ಮ ಹಳ್ಳಿ ಕನ್ನಡದಲ್ಲೇ ಕೇಳಿದರಂತೆ: "ಯಾರ ಕ್ಯಾಂಪಪ್ಪ ಅದು?" ಇವನು ನಕ್ಕು, "ನಿಮ್ಮಂತೋರ್ದೇ ಇರ್ತದೆ ಬುಡಿ ಲಾಮಾರೇ" ಎಂದು ಬಂದ. ಚಿಕ್ಕಂದಿನಲ್ಲಿ ಹಿಮದಲ್ಲಿ ಓಡಿ ಬಂದ ಆ ಮುದುಕ ಮಠದ ಗೇಟಿನವರೆಗೂ ಹಿಂದೆಯೇ ಬಂದರಂತೆ.

ಮೊದಮೊದಲು ಬಂದ ವಾಯ್ಸ್ ಮೆಸೇಜುಗಳು ಚೆನ್ನಾಗಿಯೇ ಇದ್ದವು. ಚಳಿಗೆ ಮೀಸೆಯ ಮೇಲೆ ಉಸಿರು ಗಡ್ಡೆ ಕಟ್ಟುತ್ತದೆ, ಪಾತ್ರೆಗಳು ಮಠದ ಪಾತ್ರೆಯಷ್ಟೇ ದೊಡ್ಡವು, ಖಾರ ಎಂಬುದು ಈ ದೇಶದವರಿಗೆ ಗೊತ್ತೇ ಇಲ್ಲ. ಬೀರಮ್ಮ ಫೋನನ್ನು ಮಿಲ್ಲಿಗೆ ತಂದು, ಮಿಷನ್ ನಿಲ್ಲಿಸಿಸಿ, ಎಲ್ಲರಿಗೂ ಕೇಳಿಸುತ್ತಿದ್ದಳು. ಆಮೇಲೆ ಒಂದು ದಿನ ಬಂದದ್ದನ್ನು ಅವಳು ಯಾರಿಗೂ ಕೇಳಿಸಲಿಲ್ಲ. ನನ್ನೊಬ್ಬನನ್ನು ಮನೆಗೆ ಕರೆದಳು.

"ಅವ್ವಾ, ಇದು ನಾವ್ ಅನ್ಕಂಡಿದ್ ಕ್ಯಾಂಪಲ್ಲ ಕಣವ್ವ. ಇಲ್ಲಿರೋರೆಲ್ಲ ಸೈನ್ಯದೋರು. ಪಾಸ್‌ಪೋರ್ಟ್ ಕಿತ್ಕಂಡವ್ರೆ. ಅಡ್ಗೆಗೆ ಬಂದೋನು ನಾನು ಅಂದ್ರೆ, ಮೊದ್ಲು ಕೋವಿ ಇಡಿಯೋದ ಕಲಿ ಅಂತವ್ರೆ. ಬಸಣ್ಣುಂಗೆ ಯೇಳು, ಯಾರ್ ಕಾಲಾದ್ರೂ ಕಟ್ಕಂಡು ನನ್ನ ಬುಡುಸ್ಲಿ. ಅವ್ವಾ, ಬುಡ್ಸವ್ವ."

ಇಪ್ಪತ್ತೆಂಟು ವರ್ಷದ ಗಂಡಸು, ಹಬ್ಬದಲ್ಲಿ ಟಗರು ಹೊತ್ತು ತರುತ್ತಿದ್ದವನು, ಮಗುವಿನ ಹಾಗೆ ಅಳುತ್ತಿದ್ದ. ಬೀರಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು, ಅದು ಮುಗಿದ ಮೇಲೂ "ಉಂ ಕಣಪ್ಪ, ಉಂ" ಅನ್ನುತ್ತಲೇ ಇದ್ದಳು.

ಅಲ್ಲಿಂದ ನಮ್ಮ ಓಡಾಟ ಶುರುವಾಯಿತು. ಕುಶಾಲನಗರದ ರೂಮಿಗೆ ಬೀಗ, ಏಜೆಂಟನ ನಂಬರು ಸ್ವಿಚಾಫ್. ಪಿರಿಯಾಪಟ್ಟಣ, ಹುಣಸೂರು, ಮೈಸೂರು, ನಾವು ತಟ್ಟದ ಬಾಗಿಲಿಲ್ಲ. ಒಂದು ಕಡೆ "ಅವರೇ ಒಪ್ಪಿ ಸಹಿ ಹಾಕಿದ್ದಾರಲ್ಲ" ಅಂದರು. ಇನ್ನೊಂದು ಕಡೆ ಒಬ್ಬ ಒಳ್ಳೆಯ ಅಧಿಕಾರಿ ಕೂರಿಸಿ, ನೀರು ಕೊಟ್ಟು, ಹೆಸರನ್ನು ದಿಲ್ಲಿಗೆ ಕಳಿಸಿದರು. ಹರ್ಷಿತಾ ಸಂಜೆಯೆಲ್ಲ ಫೋನಿನಲ್ಲಿ ಕುಕ್ಕಿ ಕುಕ್ಕಿ ಎಲ್ಲೆಲ್ಲಿಗೋ ಮೇಲ್ ಕಳಿಸುತ್ತಿದ್ದಳು. ಬೇರೆ ರಾಜ್ಯದ ಕೆಲವು ಹುಡುಗರು ಹೀಗೇ ಸಿಕ್ಕಿಕೊಂಡು ಬಿಡಿಸಿಕೊಂಡು ಬಂದದ್ದು ಟಿವಿಯಲ್ಲಿ ಬಂತು. ಬೀರಮ್ಮ ಟಿವಿಯ ಹತ್ತಿರವೇ ಹೋಗಿ, ಒಬ್ಬೊಬ್ಬರ ಮುಖವನ್ನೂ ಬೆರಳಿನಿಂದ ಮುಟ್ಟಿ ನೋಡಿದಳು. ಅವರಲ್ಲಿ ನಮ್ಮವನಿರಲಿಲ್ಲ.

ವಸಂತನಿಂದ ಮಧ್ಯೆ ಮಧ್ಯೆ ಮೆಸೇಜು ಬರುತ್ತಿತ್ತು. ನೆಲಮಾಳಿಗೆಯಲ್ಲಿ ಅಡುಗೆ ಮಾಡಿ, ಕ್ಯಾನಿಗೆ ತುಂಬಿ ಬೆನ್ನಿಗೆ ಹಾಕಿಕೊಂಡು, ಮುಂದೆ ಗುಂಡಿ ತೋಡಿಕೊಂಡು ಕೂತವರಿಗೆ ಮುಟ್ಟಿಸಬೇಕಿತ್ತಂತೆ. ಬಂದೂಕಿನ ಗುಂಡಿಗಿಂತ ಅವನಿಗೆ ಭಯ ಇದ್ದದ್ದು ಡ್ರೋನಿಗೆ.

"ಮ್ಯಾಲೆ ಆರಾಡ್ತದೆ ಕಣವ್ವ. ಮಿಕ್ಸಿ ಆಡ್ಸ್ದಂಗೆ ಸದ್ದು. ಅದ್ರಲ್ಲಿ ಕಣ್ಣದೆ, ಮನ್ಸ ಯಾ ಕಡೆ ಓಡ್ತನೋ ಆ ಕಡೇಗೇ ಬತ್ತದೆ. ನೇಪಾಳದೋನೊಬ್ಬ ನನ್ ಜೊತೆ ಇದ್ದ, ಬೆನ್ ಮ್ಯಾಲೆ ಸಾರಿನ ಕ್ಯಾನ್ ಇದ್ದಂಗೇ ಸತ್ತೋದ. ಯಾರ್ ಬುಟ್ರು, ಎಲ್ಲಿಂದ ಬುಟ್ರು ಒಂದೂ ಕಾಣಾಕಿಲ್ಲ."

ಮಾರನೆಯ ದಿನ ಹರ್ಷಿತಾ ಸಾರಿಗೆ ಕಾಯಿ ರುಬ್ಬಲು ಮಿಕ್ಸಿ ಹಾಕಿದಳು. ಹಿತ್ತಲಲ್ಲಿದ್ದ ಬೀರಮ್ಮ ಓಡಿಬಂದು ವೈರು ಕಿತ್ತು, ಗೋಡೆಗೆ ಒರಗಿ ಕುಸಿದು ಕೂತಳು. ಅಂದಿನಿಂದ ಆ ಮನೆಯಲ್ಲಿ ಒರಳೇ ಗತಿ. ಸೊಸೆ ದಿನಾ ಕೈಯಲ್ಲೇ ರುಬ್ಬಿದಳು.

ಕೊನೆಯ ಮೆಸೇಜು ಚಿಕ್ಕದು. "ಅವ್ವ, ನಾಳೀಕೆ ನನ್ನ ಮುಂದಕ್ಕೆ ಕಳುಸ್ತಾರಂತೆ. ಅಡ್ಗೆ ಪಾತ್ರೆ ತಕ್ಕಬ್ಯಾಡ ಅಂದವ್ರೆ. ಹರ್ಷಿತನ್ನ ಬಯ್ಬ್ಯಾಡ."

ಅಷ್ಟೇ. ಆಮೇಲೆ ಆ ಫೋನು ಸದ್ದು ಮಾಡಲಿಲ್ಲ. ರಾಗಿ ಒಂದು ಬೆಳೆ ಬಂದು ಹೋಯಿತು. ಬೀರಮ್ಮ ಮಿಲ್ಲಿಗೆ ಬರುತ್ತಿದ್ದಳು, ಹಿಟ್ಟು ಹೇಗೆ ಬಂದರೂ ಬೈಯುತ್ತಿರಲಿಲ್ಲ. ನಾನು ಬೇಕೆಂದೇ ಒಂದು ಸಲ ತರಿತರಿ ಬೀಸಿ ಕೊಟ್ಟೆ. ಸುಮ್ಮನೆ ಚೀಲ ಹೊತ್ತುಕೊಂಡು ಹೋದಳು. ಅವತ್ತು ನನಗೆ ನಿಜವಾಗಿ ಹೆದರಿಕೆಯಾಯಿತು.

ಆ ಬೇಸಿಗೆಯಲ್ಲಿ ಕಾಶ್ಮೀರದಲ್ಲಿ ಉಗ್ರರು ಪ್ರವಾಸಿಗಳನ್ನು ಹೆಂಡತಿ ಮಕ್ಕಳೆದುರೇ ಕೊಂದರು. ನಮಗೆಲ್ಲ ರಕ್ತ ಕುದಿಯಿತು, ನನಗೂ ಕುದಿಯಿತು, ಅದರಲ್ಲಿ ಮುಚ್ಚುಮರೆ ಇಲ್ಲ. ಹೆಂಡತಿಯ ಕಣ್ಣ ಮುಂದೆ ಗಂಡನಿಗೆ ಗುಂಡು ಹೊಡೆಯುವವನನ್ನು ಮನುಷ್ಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆಮೇಲೆ ಎರಡು ದೇಶಗಳ ನಡುವೆ ಕ್ಷಿಪಣಿ, ಡ್ರೋನು ಹಾರಾಡಿದವು. ಟಿವಿಯವರಿಗೆ ಹಬ್ಬ. ಸೈರನ್ ಹಾಕಿ, ಬಣ್ಣದ ಬೆಂಕಿ ತೋರಿಸಿ, ಯಾವ ಕ್ಷಿಪಣಿ ಎಷ್ಟು ದೂರ ಹೋಗುತ್ತದೆ ಎಂದು ಕ್ರಿಕೆಟ್ ಸ್ಕೋರಿನ ಹಾಗೆ ಕೂಗುತ್ತಿದ್ದರು. ಮಿಲ್ಲಿನಲ್ಲಿ ನಾನು ಒಂದು ಟಿವಿ ಇಟ್ಟಿದ್ದೆ, ಅದರ ಮುಂದೆ ಊರಿನ ಗಂಡಸರೆಲ್ಲ ಜಮೆ. ಅಂಕಯ್ಯ ಎಂಬ ನಮ್ಮ ಹಾಲಿನ ಡೇರಿಯವನು, ಒಳ್ಳೆಯ ಮನುಷ್ಯನೇ, ತೊಡೆ ತಟ್ಟಿಕೊಂಡು ಕೂಗಿದ: "ಬುಡ್ರಲಾ ಇನ್ನೊಂದು ಡ್ರೋನ! ಒಬ್ಬನೂ ಉಳೀಬಾರ್ದು!"

ಮೂಲೆಯಲ್ಲಿ ರಾಗಿ ಚೀಲದ ಮೇಲೆ ಬೀರಮ್ಮ ಕೂತಿದ್ದಳು. "ಅಂಕಯ್ಯ, ಅದು ಬರೋ ಸದ್ದ ಕೇಳಿದ್ದೀಯೇನಪ್ಪ ನೀನು?" ಅಂದಳು.

ಅವಳೇನೂ ಜೋರಾಗಿ ಕೇಳಲಿಲ್ಲ, ಜಗಳಕ್ಕೂ ಕೇಳಲಿಲ್ಲ. ಅವನಿಗೆ ಗೊತ್ತಿದ್ದರೆ ಹೇಳಲಿ ಎಂದು ಕೇಳಿದಳು. ಅಂಕಯ್ಯ ತಲೆ ತಗ್ಗಿಸಿದ. ನಾನು ಎದ್ದು ಟಿವಿ ಆರಿಸಿದೆ. ಉಗ್ರರಿಗೆ ಬುದ್ಧಿ ಕಲಿಸಬೇಕು, ಅದು ಸರಿ. ಆದರೆ ಬೆಂಕಿ ಬೀಳುವ ಜಾಗದಲ್ಲಿ ಯಾರೋ ಒಬ್ಬ ಬೆನ್ನ ಮೇಲೆ ಸಾರು ಹೊತ್ತುಕೊಂಡು ನಡೆಯುತ್ತಿರುತ್ತಾನೆ ಎನ್ನುವುದು ಬೀರಮ್ಮನಿಗೆ ಮಾತ್ರ ಗೊತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ದಿಲ್ಲಿಯಿಂದ ನನ್ನ ಫೋನಿಗೆ ಕರೆ ಬಂತು. ಎಲ್ಲ ಅರ್ಜಿಗೂ ನನ್ನ ನಂಬರನ್ನೇ ಕೊಟ್ಟಿದ್ದೆವು. ರಷ್ಯಾದ ಶವಾಗಾರದಲ್ಲಿ ಗುರುತು ಹತ್ತದ ದೇಹಗಳಿವೆಯಂತೆ. ಅದರಲ್ಲಿ ಭಾರತದವರೂ ಇರಬಹುದಂತೆ. ರಕ್ತ ಸಂಬಂಧಿಕರು ರಕ್ತ ಕೊಟ್ಟರೆ ತಾಳೆ ನೋಡಿ ಹೇಳುತ್ತಾರಂತೆ. ಅಪ್ಪ ಇಲ್ಲ, ಅಣ್ಣತಮ್ಮಂದಿರಿಲ್ಲ, ಮಕ್ಕಳಾಗಿಲ್ಲ. ವಸಂತನ ರಕ್ತ ಈ ಭೂಮಿಯ ಮೇಲೆ ಉಳಿದಿದ್ದದ್ದು ಅವನ ತಾಯಿಯ ಮೈಯಲ್ಲಿ ಮಾತ್ರ.

"ನಾನ್ ಕೊಡಾಕಿಲ್ಲ" ಅಂದಳು ಬೀರಮ್ಮ. "ರಕ್ತ ಕೊಟ್ರೆ ನನ್ ಮಗ ಸತ್ತವ್ನೆ ಅಂತ ನಾನೇ ಒಪ್ಕಂಡಂಗೆ. ಬೀರೇದೇವ್ರ ಕೇಳೀವ್ನಿ. ಬಲಗಡೆ ಹೂವ ಕೊಟ್ಟವ್ನೆ. ಬದ್ಕವ್ನೆ ನನ್ ಮಗ."

ಅದು ನಿಜ. ಹಿಂದಿನ ವಾರ ಗುಡಿಯಲ್ಲಿ ಪೂಜಾರಿ ದೇವರ ಮೈಮೇಲೆ ಹೂವಿಟ್ಟು ಪ್ರಸಾದ ಕೇಳಿದಾಗ ಹೂ ಬಲಕ್ಕೇ ಬಿದ್ದಿತ್ತು. ನಾನೂ ಅಲ್ಲಿದ್ದೆ. ಕೈ ಮುಗಿದು, ಹೂವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು.

ಹರ್ಷಿತಾ ಮೊದಲು ಮೆತ್ತಗೆ ಹೇಳಿದಳು. "ಅತ್ತೆ, ಏನಾದ್ರೂ ಒಂದು ಗೊತ್ತಾಗ್ಲಿ. ದಿನಾ ಬೆಳಿಗ್ಗೆ ಎದ್ದು ಕುಂಕುಮದ ಭರಣಿ ಹಿಡ್ಕೊಂಡು ಕನ್ನಡಿ ಮುಂದೆ ನಿಂತ್ಬಿಡ್ತೀನಿ. ಇಟ್ಕೊಂಡ್ರೆ ಸುಳ್ಳಾ, ಇಟ್ಕೊಳದಿದ್ರೆ ಪಾಪಾನಾ ಅಂತ ಗೊತ್ತಾಗಲ್ಲ."

ಬೀರಮ್ಮ ಆಗ ಆಡಬಾರದ ಮಾತು ಆಡಿದಳು. "ನಿಂಗೇನವ್ವ, ಗ್ಯಾರಂಟಿ ಆದ್ರೆ ಇನ್ನೊಂದು ಮದ್ವೆ ಆಯ್ತದೆ. ನಂಗೆ ಇನ್ನೊಬ್ಬ ಮಗ ಉಟ್ಟಿ ಬತ್ತನಾ?"

ಹರ್ಷಿತಾ ಎದ್ದು ಒಳಗೆ ಹೋದಳು. ಸಾಲಿಗ್ರಾಮಕ್ಕೆ ಬಸ್ಸು ಹತ್ತುತ್ತಾಳೆ ಎಂದೇ ನಾನು ಅಂದುಕೊಂಡೆ. ಹತ್ತಲಿಲ್ಲ. ಹಸುವಿಗೆ ಹುಲ್ಲು ಹಾಕಿದಳು, ಮುದ್ದೆ ತಿರುವಿದಳು, ಅತ್ತೆಗೆ ಬಡಿಸಿದಳು. ಇಬ್ಬರೂ ಮಾತಿಲ್ಲದೆ ಒಂದೇ ಸೂರಿನ ಕೆಳಗೆ ಹಲವು ದಿನ ಬದುಕಿದರು. ದಿಲ್ಲಿಯವರು ಮತ್ತೆ ಮತ್ತೆ ಫೋನ್ ಮಾಡಿದರು. ರಕ್ತ ಬರದಿದ್ದರೆ ದೇಹಗಳನ್ನು ಅಲ್ಲೇ ಮಣ್ಣು ಮಾಡಿಬಿಡಬಹುದು ಎಂದರು. ನಾನು ಮಧ್ಯೆ ಸಿಕ್ಕಿಕೊಂಡು, ಅತ್ತ ದರಿ ಇತ್ತ ಪುಲಿ ಎನ್ನುವ ಹಾಗೆ ಒದ್ದಾಡಿದೆ.

ಕೊನೆಗೆ ಒಂದು ಬೆಳಿಗ್ಗೆ ಹರ್ಷಿತಾ ಅತ್ತೆಯ ಕಾಲ ಬಳಿ ಕೂತು ಬೇರೆ ದಾರಿ ಹಿಡಿದಳು.

"ಅತ್ತೆ, ದೇವ್ರು ಹೇಳಿದ್ದು ನಿಜಾನೇ. ಅವ್ರು ಬದುಕಿದ್ದಾರೆ. ಹಾಗಿದ್ಮೇಲೆ ಅಲ್ಲಿರೋ ಹೆಣ ಅವ್ರದ್ದಲ್ಲ ಅಂತ ಹೇಳೋರ್ಯಾರು? ನಿಮ್ಮ ರಕ್ತ ತಾನೇ ಹೇಳ್ಬೇಕು? ನೀವು ಕೊಡ್ಲಿಲ್ಲ ಅಂದ್ರೆ ಯಾರದ್ದೋ ಹೆಣಕ್ಕೆ ಇವ್ರ ಹೆಸರು ಬರೆದು, ಹುಡುಕೋದನ್ನೇ ನಿಲ್ಲಿಸಿಬಿಡ್ತಾರೆ."

ಬೀರಮ್ಮ ಸೊಸೆಯ ಗಲ್ಲ ಹಿಡಿದು ಮುಖ ಎತ್ತಿದಳು. "ಅಂಗಂತೀಯ?" ಅಂದಳು. "ಒಂದಾಣ್ಕೆ ಆಗ್ದಿದ್ರೆ ಉಡುಕ್ತಾರಾ?"

"ರಕ್ತ ಹೊಂದ್ಲಿಲ್ಲ ಅಂದ್ರೆ ಹುಡುಕಲೇಬೇಕಲ್ಲ ಅತ್ತೆ."

ಮೈಸೂರಿಗೆ ನನ್ನ ಓಮ್ನಿಯಲ್ಲೇ ಹೊರಟೆವು. ಹಿಂದೆ ಕೂತ ಬೀರಮ್ಮನಿಗೆ ಹುಣಸೂರು ದಾಟುವ ಮೊದಲೇ ಜೊಂಪು ಹತ್ತಿತು. ನಾನು ಮೆಲ್ಲಗೆ ಹರ್ಷಿತಾಳನ್ನು ಕೇಳಿದೆ: "ನೀನು ಅತ್ತೆಗೆ ಹೇಳಿದ್ಯಲ್ಲವ್ವ, ಅದನ್ನ ನಂಬಿದ್ದೀಯ?" ಅವಳು ಹಿಂದೆ ತಿರುಗಿ ಅತ್ತೆಯ ಹೆಗಲಿಂದ ಜಾರಿದ ಸೆರಗನ್ನು ಎಳೆದು ಹೊದಿಸಿದಳು. ಹೊಗೆಸೊಪ್ಪಿನ ಹೊಲಗಳು ಹಿಂದೆ ಹಿಂದೆ ಓಡುತ್ತಿದ್ದವು.

ಆಸ್ಪತ್ರೆಯಲ್ಲಿ ಬೀರಮ್ಮನ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದರು. ಅವಳ ತುಟಿ ಅಲ್ಲಾಡುತ್ತಲೇ ಇತ್ತು. ಹತ್ತಿರ ನಿಂತಿದ್ದ ನನಗೆ ಕೇಳಿಸಿತು: "ಒಂದ್ಬಾರ್ದು ತಂದೆ, ಒಂದ್ಬಾರ್ದು, ನನ್ ರಕ್ತ ಒಂದ್ಬಾರ್ದು." ನರ್ಸು ಹುಡುಗಿ, ಸೂಜಿಗೆ ಹೆದರಿದ್ದಾಳೆ ಎಂದುಕೊಂಡು, "ಏನೂ ಆಗಲ್ಲಮ್ಮ, ಇರುವೆ ಕಚ್ಚಿದಂಗೆ ಅಷ್ಟೇ" ಎಂದು ಸಮಾಧಾನ ಮಾಡಿದಳು. ನಾನು ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ಹೆತ್ತ ಮಗನನ್ನು ತನ್ನ ರಕ್ತ ಗುರುತು ಹಿಡಿಯದಿರಲಿ ಎಂದು ಒಬ್ಬ ತಾಯಿ ದೇವರಲ್ಲಿ ಬೇಡಿಕೊಳ್ಳುವ ಕಾಲ ಬಂತಲ್ಲ. ಯಾವನಿಗೋ ಬೇಕಾದ ಯುದ್ಧ, ಯಾವ ಭಾಷೆಯಲ್ಲೋ ನಡೆಯುವ ಯುದ್ಧ, ಅದು ಬಂದು ಈ ಹೆಂಗಸಿನ ತೋಳಿನ ನರಕ್ಕೆ ಕೈ ಹಾಕಿತ್ತು. ಯುದ್ಧ ಮಾಡಿಸುವವರ ಮನೆ ಹಾಳಾಗ!

ಬರುವಾಗ ಮಾತ್ರ ಬೀರಮ್ಮ ಬೇರೆಯೇ ಆಗಿದ್ದಳು. ಹುಣಸೂರಿನ ಹೋಟೆಲಿನಲ್ಲಿ ಇಡ್ಲಿ ತರಿಸಿಕೊಂಡು ಪೂರ್ತಿ ತಿಂದಳು. "ಈ ಚಟ್ನಿಗೆ ನನ್ ಮಗ ಆಗಿದ್ರೆ ಒಂದೆಸ್ಳು ಬೆಳ್ಳುಳ್ಳಿ ಆಕ್ತಿದ್ದ" ಅಂದಳು. ನಾನು ರಸ್ತೆಯ ಗುಂಡಿಯ ಮೇಲೆ ಗಾಡಿ ಹಾರಿಸಿದಾಗ, "ಗಾಡಿ ಓಡುಸ್ತೀಯೋ ಏರು ಉಳ್ತೀಯೋ?" ಎಂದು ಬೈದಳು. ಎಷ್ಟೋ ತಿಂಗಳ ಮೇಲೆ ಬೈಸಿಕೊಂಡು ನನಗೆ ಹಿಗ್ಗಾಯಿತು. ಹರ್ಷಿತಾಳೂ ನಕ್ಕಳು. ರಕ್ತ ಹೊಂದುವುದಿಲ್ಲ, ವಸಂತ ಎಲ್ಲೋ ಜೈಲಿನಲ್ಲೋ ಆಸ್ಪತ್ರೆಯಲ್ಲೋ ಇರುತ್ತಾನೆ ಎಂದು ನಾನೂ ನಂಬತೊಡಗಿದೆ. ಸುಳ್ಳು ಅಷ್ಟು ಬೆಚ್ಚಗಿತ್ತು.

ಕರೆ ಬಂದಾಗ ಮಿಲ್ಲು ಓಡುತ್ತಿತ್ತು. ಏನೂ ಕೇಳಿಸದೆ ಮಿಷನ್ ನಿಲ್ಲಿಸಿದೆ. ಆ ಕಡೆಯವರು ಮತ್ತೊಮ್ಮೆ ಹೇಳಿದರು: "ಸ್ಯಾಂಪಲ್ ಹೊಂದಿದೆ ಸರ್." ನಾನು, "ಇನ್ನೊಂದ್ಸಲ ನೋಡಿ ಸರ್, ಹೆಸರು ತಪ್ಪಿರಬೇಕು, ಚಿಕ್ಕಬೀರಮ್ಮ ಅಂತ ನಮ್ಮ ಕಡೆ ಬೇಕಾದಷ್ಟು ಜನ" ಎಂದೆಲ್ಲ ಬಡಬಡಿಸಿದೆ. ಅವರು ತಾಳ್ಮೆಯಿಂದ ಎಲ್ಲ ಕೇಳಿ, "ಸಾರಿ ಸರ್" ಅಂದರು.

ಮೈಯೆಲ್ಲ ಹಿಟ್ಟಾಗಿದ್ದ ಹಾಗೆಯೇ ಹಿಂದಿನ ಮನೆಗೆ ಹೋದೆ. ಬೀರಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನ ಮುಖ ನೋಡಿ ಕೇಳಿದ್ದು ಒಂದೇ ಶಬ್ದ.

"ಒಂದ್ತಾ?"

ನಾನು ಹಿಟ್ಟು ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡೆ. ಒಳಗಿನಿಂದ ಬಂದ ಹರ್ಷಿತಾ ಹೊಸಿಲ ಮೇಲೇ ಬಿದ್ದು ಹೊರಳಾಡಿ ಅತ್ತಳು. ಬೀರಮ್ಮ ಅಳಲಿಲ್ಲ. ಮೊರದಲ್ಲಿದ್ದ ಕಾಳನ್ನು ಸಿಪ್ಪೆಗೂ, ಸಿಪ್ಪೆಯನ್ನು ಕಾಳಿಗೂ ಹಾಕುತ್ತಾ ಕೂತಳು.

ಪೆಟ್ಟಿಗೆ ಬೆಂಗಳೂರಿಗೆ ಬಂದು, ಅಲ್ಲಿಂದ ಆಂಬುಲೆನ್ಸಿನಲ್ಲಿ ಊರಿಗೆ ಬಂತು. ಮೊಳೆ ಹೊಡೆದಿದ್ದರು. ಬಂದ ಅಧಿಕಾರಿ ತೆರೆಯಬೇಡಿ ಎಂದು ಕೈಮುಗಿದರು. ಒಂದು ಸಲ ಮುಖವನ್ನಾದರೂ ನೋಡುತ್ತೇನೆ ಎಂದು ಹರ್ಷಿತಾ ಪೆಟ್ಟಿಗೆಯನ್ನು ಉಗುರಿನಿಂದ ಕೆರೆದಳು, ಹೆಂಗಸರು ಹಿಡಿದು ಎಳೆದುಕೊಂಡರು. ಅಷ್ಟರಲ್ಲಿ ಯಾರೋ ಬಾವುಟ ತಂದಿದ್ದರು, ಯಾರೋ ಬ್ಯಾನರು ಮಾಡಿಸಿದ್ದರು. ಅಂಕಯ್ಯ, ಪಾಪ, ಅವನಿಗೆ ಬೇರೆ ಹೇಗೆ ಮರ್ಯಾದೆ ಕೊಡಬೇಕೆಂದು ತಿಳಿಯದೆ, "ವೀರ ಯೋಧ ವಸಂತನಿಗೆ" ಎಂದು ಕೂಗಿದ. ಹುಡುಗರು ಜೈ ಅಂದರು.

"ಯೋಧ ಅಲ್ಲ ಕಣ್ರಪ್ಪ" ಅಂದಳು ಬೀರಮ್ಮ. "ಅಡ್ಗೆಯೋನು ನನ್ ಮಗ. ಯಾರ್ನೂ ಕೊಲ್ಲಾಕ್ ಓದೋನಲ್ಲ. ಅಂಗ್ ಕೂಗ್ಬ್ಯಾಡಿ."

ಬ್ಯಾನರನ್ನು ನಾನೇ ಸುತ್ತಿ ಬೇಲಿಯಾಚೆ ಎಸೆದೆ. ಅವರ ಹೊಲದಲ್ಲಿ, ಸಣ್ಣಬೀರಯ್ಯನನ್ನು ಹೂತ ಗುದ್ದಿನ ಪಕ್ಕ ಮಣ್ಣು ಮಾಡಿದೆವು. ಹಳೆಯ ಲಾಮ ಬಂದು ದೂರದಲ್ಲಿ ನಿಂತು ಮಂತ್ರ ಹೇಳಿ ಹೋದರು.

ಮೂರನೆಯ ದಿನ ಹಾಲು ತುಪ್ಪ ಬಿಡುವ ಶಾಸ್ತ್ರ. ಹರ್ಷಿತಾ, ನೆಂಟರು ಎಲ್ಲರೂ ಹೊಲಕ್ಕೆ ಹೋಗಿ ಕಾಯುತ್ತಿದ್ದರು, ಬೀರಮ್ಮ ಬರಲಿಲ್ಲ. ಕರೆತರಲು ನಾನು ಮನೆಗೆ ಬಂದೆ. ಕಂಬಕ್ಕೆ ಒರಗಿ ಕೂತಿದ್ದಳು.

"ಏಳು ಬೀರಕ್ಕ. ತಾಯಿ ಬಿಡದೆ ಇನ್ಯಾರು ಮೊದ್ಲು ಹಾಲು ಬಿಡ್ತಾರೆ?"

"ನಾನ್ ಬುಡಾಕಿಲ್ಲ. ಕೊಂದೋಳ ಕೈಲಿ ಆಲು ಬುಡುಸ್ತೀರಾ?"

ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದೆ. ಕೊಂದವನು ಏಜೆಂಟು, ಕೊಂದದ್ದು ಆ ಹಾಳು ಯುದ್ಧ. ನೀನು ರಕ್ತ ಕೊಡುವುದಕ್ಕೆ ಎಷ್ಟೋ ತಿಂಗಳು ಮುಂಚೆಯೇ ಅವನು ಹೋಗಿದ್ದ. ನಿನ್ನ ರಕ್ತ ಅವನನ್ನು ಮನೆಗೆ ಕರೆತಂತು ಅಷ್ಟೇ.

ಬೀರಮ್ಮ ಎಲ್ಲವನ್ನೂ ಕೇಳಿದಳು. ರವಿಕೆಯ ತೋಳು ಸರಿಸಿ, ಮೊಣಕೈಯ ಒಳಗಡೆ, ಗಾಯ ಮಾಯ್ದು ಗುರುತೂ ಉಳಿದಿರದ ಜಾಗದ ಮೇಲೆ ಬೆರಳಿಟ್ಟಳು.

"ಅದೆಲ್ಲ ನಂಗೂ ಗೊತ್ತು ಕಣ ಬಸಣ್ಣ. ಆದ್ರೆ ಇಲ್ಗೆ ಸೂಜಿ ಚುಚ್ಚೋ ಗಂಟ ನನ್ ಮಗ ಬದ್ಕಿದ್ದ."